ನಮ್ಮ ಘಾಟಿಗೆ ಯಾವ ಎಂಜಿನ್?

ಒಂದೇ ಪ್ರಶ್ನೆ ಮನುಷ್ಯನ ಬಾಳಿನಲ್ಲಿ ಎರಡು ಸಲ ಬರುವುದುಂಟು. ಮೊದಲ ಸಲ ತಪ್ಪು ಉತ್ತರ ಕೊಟ್ಟವನಿಗೆ ಎರಡನೆಯ ಸಲ ಬಾಯಿ ಬೇಗನೆ ತೆರೆಯುವುದಿಲ್ಲ. ಕಳೆದ ತಿಂಗಳು ನನಗೆ ಆದುದು ಇದೇ.

ಸಂಜೆ ಕಡೆಯ ಗಂಟೆ ಬಾರಿಸಿ ಮಕ್ಕಳೆಲ್ಲರೂ ಮನೆಯ ದಾರಿ ಹಿಡಿದಿದ್ದರು. ಶಾಲೆಯ ಮುಂದೆ ಒಂದು ಹಳೆಯ ಅಂಬಾಸಿಡರ್ ಕಾರು ಬಂದು ನಿಂತಿತು. ಅದರ ಹಿಂದೆ ನೀಲಿ ಹೊಗೆಯೂ ಬಂದು ನಿಂತಿತು. ಇಳಿದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಎರಡು ಮಕ್ಕಳ ತಂದೆ, ಕೋಸು ಮತ್ತು ಅರಿಸಿನ ಬೆಳೆಯುವ ರೈತ. ಕಾರು ಅವನ ತಂದೆಯದು. ತಂದೆ ತೀರಿಹೋಗಿ ಎರಡು ವರ್ಷವಾಯಿತು.

“ಮೇಷ್ಟ್ರೇ, ಈ ಎಂಜಿನ್ ಎಣ್ಣೆ ಕುಡೀತದೆ. ಕೆಳಗೆ ಸತ್ಯಮಂಗಲದಲ್ಲಿ ಒಂದು ಡೀಸೆಲ್ ಎಂಜಿನ್ ಇದೆ ಅಂತ ದಲ್ಲಾಳಿ ಹೇಳ್ತಾನೆ. ನಮ್ಮಣ್ಣ ಹಾಕ್ಸು ಅಂತಾನೆ. ಅವ್ವ ಮಾತ್ರ ಬ್ಯಾಡ ಅಂತದೆ. ಮನೇಲಿ ದಿನಾ ಇದೇ ಮಾತು. ಯಾವುದು ಮಾಡನ, ನೀವೇ ಹೇಳಿ” ಎಂದನು.

“ಕೂತುಕೋ ಅಪ್ಪ” ಎಂದೆನೇ ಹೊರತು ಉತ್ತರ ಹೇಳಲಿಲ್ಲ. ಏಕೆ ಹೇಳಲಿಲ್ಲವೆಂಬುದನ್ನು ತಿಳಿಸುವ ಮೊದಲು, ನಮ್ಮ ವಾಚಕರಲ್ಲಿ ಹಲವರ ಅಂಗಳದಲ್ಲಿ ಇಂದಿಗೂ ನಿಂತಿರಬಹುದಾದ ಈ ಕಾರಿನ ಹಿನ್ನೆಲೆಯನ್ನು ತುಸು ಹೇಳಬೇಕು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ, 1950ರ ದಶಕದ ಕೊನೆಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರನ್ನು ತಯಾರಿಸತೊಡಗಿತು. 2014ರ ಮೇ ತಿಂಗಳಲ್ಲಿ ಆ ಕೆಲಸ ನಿಂತಿತು. ಇಷ್ಟು ದೀರ್ಘ ಕಾಲದಲ್ಲಿ ಹೊರಮೈ ಅಷ್ಟಾಗಿ ಬದಲಾಗದಿದ್ದರೂ ಒಳಗಿನ ಎಂಜಿನ್ ಬದಲಾಗುತ್ತ ಬಂದಿತು. ನಮ್ಮ ಕಡೆಯ ಮನೆಗಳಲ್ಲಿ ಕಾಣಸಿಗುವುವು ಮುಖ್ಯವಾಗಿ ನಾಲ್ಕು.

ಮೊದಲನೆಯದು 1489 ಸಿ.ಸಿ.ಯ ಪೆಟ್ರೋಲು ಎಂಜಿನ್. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ವಿನ್ಯಾಸದ ಇದರ ಶಕ್ತಿ 50 ಅಶ್ವಶಕ್ತಿಯ ಆಸುಪಾಸು. ಎರಡನೆಯದು ಅದೇ ಮನೆತನದ, ಅದೇ 1489 ಸಿ.ಸಿ.ಯ ಡೀಸೆಲ್ ಎಂಜಿನ್. 1980ರ ಸುಮಾರಿಗೆ ಬಂದ ಈ ಎಂಜಿನ್ನಿನಿಂದಾಗಿ ನಮ್ಮ ದೇಶದಲ್ಲಿ ತಯಾರಾದ ಮೊದಲ ಡೀಸೆಲ್ ಕಾರೆಂಬ ಹೆಸರು ಅಂಬಾಸಿಡರಿನದಾಯಿತು. ಇದರ ಶಕ್ತಿ ಮಾತ್ರ 40 ಅಶ್ವಶಕ್ತಿಗೂ ಒಳಗೆ. ಮೂರನೆಯದು 1990ರ ದಶಕದ ಮೊದಲ ವರ್ಷಗಳಲ್ಲಿ ಬಂದ, ಜಪಾನಿನ ಇಸುಜು ವಿನ್ಯಾಸದ 1817 ಸಿ.ಸಿ.ಯ ಪೆಟ್ರೋಲು ಎಂಜಿನ್. ಐದು ಗೇರು, 75ರ ಆಸುಪಾಸಿನ ಅಶ್ವಶಕ್ತಿ. ನಾಲ್ಕನೆಯದು ಅದೇ ದಶಕದಲ್ಲಿ ತುಸು ತಡವಾಗಿ ಬಂದ ಇಸುಜು ಡೀಸೆಲ್, 1995 ಸಿ.ಸಿ., 50ಕ್ಕಿಂತ ತುಸು ಹೆಚ್ಚಿನ ಅಶ್ವಶಕ್ತಿ. ದಲ್ಲಾಳಿ ನನ್ನ ವಿದ್ಯಾರ್ಥಿಗೆ ತೋರಿಸಿದುದು ಗುಜರಿಗೆ ಹೋದ ಒಂದು ಕಾರಿನಿಂದ ಇಳಿಸಿದ ಈ ನಾಲ್ಕನೆಯ ಎಂಜಿನ್ನನ್ನು.

ಪೆಟ್ರೋಲಿಗೂ ಡೀಸೆಲಿಗೂ ಇರುವ ಭೇದವೇನು? ಪೆಟ್ರೋಲು ಎಂಜಿನ್ನಿನಲ್ಲಿ ಗಾಳಿಯೂ ಇಂಧನವೂ ಮೊದಲೇ ಬೆರೆತು ಸಿಲಿಂಡರನ್ನು ಸೇರುತ್ತವೆ. ಆ ಮಿಶ್ರಣವನ್ನು ಏಳೆಂಟು ಪಟ್ಟು ಒತ್ತಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಬರಿಯ ಗಾಳಿಯನ್ನು ಇಪ್ಪತ್ತು ಪಟ್ಟಿನಷ್ಟು ಒತ್ತುತ್ತಾರೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲ ಹುಡುಗರೂ ಬಲ್ಲರು. ಹಾಗೆಯೇ ಒತ್ತಿದ ಗಾಳಿ ಕಾದು ಕೆಂಡದಂತಾಗುತ್ತದೆ. ಅದರೊಳಕ್ಕೆ ಡೀಸೆಲನ್ನು ಸಿಂಪಡಿಸಿದೊಡನೆ ತಾನಾಗಿ ಉರಿಯುತ್ತದೆ. ಹೆಚ್ಚು ಒತ್ತುವುದರಿಂದ ಶಾಖದ ಹೆಚ್ಚು ಭಾಗ ಕೆಲಸಕ್ಕೆ ದೊರೆಯುತ್ತದೆ. ಇದಲ್ಲದೆ ಒಂದು ಲೀಟರ್ ಡೀಸೆಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ನೂರಕ್ಕೆ ಹತ್ತು ಹನ್ನೆರಡರಷ್ಟು ಹೆಚ್ಚು ಶಕ್ತಿ ಅಡಗಿದೆ. ಡೀಸೆಲ್ ಕಾರು ಲೀಟರಿಗೆ ಹೆಚ್ಚು ದೂರ ಓಡುವ ಗುಟ್ಟು ಇಷ್ಟೇ. ಆದರೆ ಅಷ್ಟು ಒತ್ತಡವನ್ನು ತಾಳಲು ಎಂಜಿನ್ನಿನ ಗೋಡೆ ದಪ್ಪವಾಗಬೇಕು, ತೂಕ ಹೆಚ್ಚಬೇಕು. ಸದ್ದು, ನಡುಕಗಳೂ ಅದರ ಬೆನ್ನಿಗೇ ಬರುತ್ತವೆ.

ಇನ್ನು ನನ್ನ ಮೊದಲ ಉತ್ತರದ ಕಥೆ. 1996ರಲ್ಲಿ ನನ್ನ ಅಣ್ಣ ಹಳೆಯದೊಂದು ಕಾರನ್ನು ಕೊಳ್ಳಲು ಹೊರಟನು. ಎರಡು ಅಂಬಾಸಿಡರುಗಳು ಮಾರಾಟಕ್ಕಿದ್ದುವು: ಒಂದು 1489ರ ಪೆಟ್ರೋಲು, ಇನ್ನೊಂದು 1489ರ ಡೀಸೆಲ್. ನಾನಾಗ ಶಿಕ್ಷಕರ ತರಬೇತಿ ಮುಗಿಸಿ ಬಂದ ಹೊಸಬ. ಲೆಕ್ಕದಲ್ಲಿ ಗಟ್ಟಿಗನೆಂಬ ಹೆಮ್ಮೆ ಬೇರೆ. ಆ ಕಾಲದಲ್ಲಿ ಡೀಸೆಲಿನ ಬೆಲೆ ಪೆಟ್ರೋಲಿನ ಅರ್ಧದ ಆಸುಪಾಸಿನಲ್ಲಿತ್ತು. ನೋಟುಬುಕ್ಕಿನ ಒಂದು ಪುಟದಲ್ಲಿ ಎರಡು ಗೆರೆ ಎಳೆದು, ಕಿಲೋಮೀಟರಿಗೆ ಇಷ್ಟು, ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಉಳಿತಾಯವೆಂದು ಬರೆದು ಅಣ್ಣನ ಮುಂದಿಟ್ಟೆನು. ಅಣ್ಣ ಓದಿದವನಲ್ಲ, ತಮ್ಮ ಬರೆದುಕೊಟ್ಟುದು ಅವನಿಗೆ ವೇದವಾಕ್ಯ. ಡೀಸೆಲ್ ಕಾರು ಮನೆಗೆ ಬಂದಿತು.

ಮರುವರ್ಷ ನಮ್ಮ ಅವ್ವನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಕೊಯಮತ್ತೂರಿನ ಆಸ್ಪತ್ರೆಯಿಂದ ಒಂಬತ್ತನೆಯ ದಿನ ಮನೆಗೆ ಕಳುಹಿಸಿದರು. ಕರೆದುತರಲು ಹೋದವರು, ನೋಡಲು ಹೋದವರು ಎಲ್ಲರೂ ಸೇರಿ ಕಾರಿನಲ್ಲಿ ಎಂಟು ಜನ, ಮೇಲೆ ಹಾಸಿಗೆ ಬಟ್ಟೆಯ ಗಂಟು. ಬಣ್ಣಾರಿ ಅಮ್ಮನಿಗೆ ಕೈಮುಗಿದು ಘಾಟಿ ಹತ್ತುವಾಗ ಕತ್ತಲೆ ಕವಿದಿತ್ತು. ದಿಂಬಂ ಘಾಟಿಗೆ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳೆಂಬುದನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು. ಅರ್ಧ ತಿರುವುಗಳನ್ನು ದಾಟುವ ಹೊತ್ತಿಗೆ, ಎದುರಿನಿಂದ ಬಂದ ಲಾರಿಗೆ ದಾರಿ ಕೊಡಲು ಅಣ್ಣ ತಿರುವಿನಲ್ಲೇ ಕಾರನ್ನು ನಿಲ್ಲಿಸಬೇಕಾಯಿತು. ನಿಂತುದು ಮತ್ತೆ ಹೊರಡಲಿಲ್ಲ. ಮೊದಲನೆಯ ಗೇರಿನಲ್ಲಿ ನಡುಗುವುದು, ಆರುವುದು, ಒಂದು ಮೊಳ ಹಿಂದಕ್ಕೆ ಸರಿಯುವುದು. ನಾನು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆನು.

ಆಗಿನ ದಿನಗಳಲ್ಲಿ ಆ ಕಾಡಿನ ಭಯ ಎರಡು ಬಗೆಯದು. ಆನೆಯದು ಒಂದು, ಬಂದೂಕಿನದು ಇನ್ನೊಂದು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯುವವರೆಗೂ ಸಂಜೆಯ ಮೇಲೆ ಆ ದಾರಿಯಲ್ಲಿ ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ. ಅಂತಹ ಕತ್ತಲೆಯಲ್ಲಿ ಆರು ಜನ ಇಳಿದು ನಿಂತೆವು. ಹಿಂದಿನ ಸೀಟಿನಲ್ಲಿ ಮಲಗಿದ್ದ ಅವ್ವ ಮೆಲ್ಲನೆ ಎದ್ದು ಬಾಗಿಲಿಗೆ ಕೈ ಹಾಕಿ, “ನಾನೂ ಇಳೀತೀನಿ ಮಗ. ನನ್ನ ಭಾರಾನೂ ಒಂದು ಭಾರ ಅಲ್ವಾ?” ಎಂದಳು. ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳನ್ನು ಇಳಿಯಗೊಡಲಿಲ್ಲ. ಅಣ್ಣ ಮತ್ತು ಅವ್ವ ಇಬ್ಬರೇ ಇದ್ದ ಕಾರು ಮುಂದೆ ಮೆಲ್ಲಗೆ ಏರಿತು. ಮಕ್ಕಳನ್ನು ಎತ್ತಿಕೊಂಡು ನಾವು ಎರಡು ತಿರುವಿನಷ್ಟು ದಾರಿಯನ್ನು ನಡೆದು ಹತ್ತಿದೆವು. ಯಾರೂ ನನ್ನನ್ನು ಬಯ್ಯಲಿಲ್ಲ. ನೋಟುಬುಕ್ಕಿನ ಆ ಪುಟ ಮಾತ್ರ ನನ್ನ ಕಣ್ಣ ಮುಂದೆ ಇತ್ತು.

ತಪ್ಪು ಎಂಜಿನ್ನಿನದಲ್ಲ, ನನ್ನದು. ನಾನು ಮಾಡಬೇಕಾಗಿದ್ದ ಲೆಕ್ಕ ಬೇರೆಯೇ ಇತ್ತು. ಅದನ್ನು ಏಳನೆಯ ತರಗತಿಯ ಹುಡುಗನೂ ಮಾಡಬಲ್ಲನು. ಎಪ್ಪತ್ತೈದು ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಶಕ್ತಿಗೆ ಒಂದು ಅಶ್ವಶಕ್ತಿಯೆಂದು ಹೆಸರು. ಕಾರು, ಎಂಟು ಜನ, ಗಂಟುಮೂಟೆ ಎಲ್ಲ ಸೇರಿ 1650 ಕಿಲೋ ಎಂದುಕೊಳ್ಳೋಣ. ಹನ್ನೆರಡು ಮೀಟರ್ ಓಡಿದರೆ ಒಂದು ಮೀಟರ್ ಏರುವ ದಾರಿ ಎಂದುಕೊಳ್ಳೋಣ. ಗಂಟೆಗೆ 43 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ ಹನ್ನೆರಡು ಮೀಟರ್ ಓಡಿ, ಒಂದು ಮೀಟರ್ ಏರಿದಂತಾಯಿತು. 1650ನ್ನು 75ರಿಂದ ಭಾಗಿಸಿದರೆ 22. ಬರಿಯ ಭಾರ ಎತ್ತುವುದಕ್ಕೇ 22 ಅಶ್ವಶಕ್ತಿ ಬೇಕು. ಗೇರುಗಳ ತಿಕ್ಕಾಟ, ಚಕ್ರದ ಎಳೆತ, ಗಾಳಿಯ ತಡೆ ಇವೆಲ್ಲ ಇದರ ಮೇಲೆ.

ಪುಸ್ತಕದಲ್ಲಿ ಬರೆದ ಅಶ್ವಶಕ್ತಿ ದೊರೆಯುವುದು ಎಂಜಿನ್ ಅತಿವೇಗವಾಗಿ ತಿರುಗುವಾಗ ಮಾತ್ರ. ತಿರುವಿನಲ್ಲಿ ನಿಂತು ಮತ್ತೆ ಹೊರಡುವಾಗ ಅದರ ಒಂದು ಅಂಶವಷ್ಟೇ ಕೈಗೆ ಸಿಗುತ್ತದೆ. ಮೇಲಾಗಿ, ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಇಂತಹ ಹಳೆಯ ಎಂಜಿನ್ನುಗಳು ಸಾವಿರ ಮೀಟರಿಗೆ ಹತ್ತನೆಯ ಒಂದು ಭಾಗದಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತವೆ. ದಿಂಬಂ ಸಾವಿರ ಮೀಟರಿಗೂ ಮೇಲಿದೆ. 40 ಅಶ್ವಶಕ್ತಿಗೂ ಒಳಗಿನ ಎಂಜಿನ್ನಿಗೆ ಎಂಟು ಜನರನ್ನು ಹೇರಿದವನು ಆ ರಾತ್ರಿ ಬೇರೇನನ್ನು ನಿರೀಕ್ಷಿಸಬಹುದಿತ್ತು?

“ಲಾರಿಗಳೂ ಬಸ್ಸುಗಳೂ ಡೀಸೆಲಿನವೇ ಅಲ್ಲವೆ? ಅವು ಹತ್ತುವುದಿಲ್ಲವೆ?” ಎಂದು ಕೇಳುವವರುಂಟು. ಹತ್ತುತ್ತವೆ. ಲಾರಿಯ ಎಂಜಿನ್ ಈ ಕಾರಿನದಕ್ಕಿಂತ ಹಲವು ಪಟ್ಟು ದೊಡ್ಡದು. ಏರಿಗೆಂದೇ ಜೋಡಿಸಿದ ಗೇರುಗಳು ಅದಕ್ಕುಂಟು. ಡೀಸೆಲೆಂಬುದು ಜಾತಿಯ ಹೆಸರು. ಅದರಿಂದ ಎತ್ತಿನ ಬಲ ತಿಳಿಯುವುದಿಲ್ಲ. ನಮ್ಮ ಅಣ್ಣ ಅದೇ ಕಾರನ್ನು ಮುಂದೆ ಹಲವು ವರ್ಷ ಚಾಮರಾಜನಗರದ ಮಟ್ಟಸ ದಾರಿಯಲ್ಲಿ, ನಾಲ್ಕೈದು ಜನರೊಡನೆ, ಯಾವ ತೊಂದರೆಯೂ ಇಲ್ಲದೆ ಓಡಿಸಿದನು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅವನು ನೋಡಿದ ಇಸುಜು ಡೀಸೆಲಿಗೆ ಘಾಟಿ ಹತ್ತುವ ಶಕ್ತಿಯುಂಟು. ಆದುದರಿಂದ ನನ್ನ ಹಳೆಯ ಕಥೆಯನ್ನು ಹೇಳಿ “ಡೀಸೆಲ್ ಬೇಡ” ಎಂದುಬಿಟ್ಟರೆ ಅದು ನನ್ನ ಎರಡನೆಯ ತಪ್ಪಾಗುತ್ತಿತ್ತು. ಒಂದು ನೋಟುಬುಕ್ಕು ತೆಗೆದು, “ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀಯೆ?” ಎಂದೆನು. “ಸಾವಿರ ಆಯ್ತದೆ ಮೇಷ್ಟ್ರೇ” ಎಂದನು. “ಎಲ್ಲೆಲ್ಲಿಗೆ, ಎಷ್ಟು ಸಲ, ಬರೆ” ಎಂದೆನು. ಚಾಮರಾಜನಗರಕ್ಕೆ ಮೂರು ಸಲ, ನೆಂಟರ ಊರಿಗೆ ಒಮ್ಮೆ, ತಾಳವಾಡಿಯ ಒಳಗಿನ ಓಡಾಟ. ಘಾಟಿ ಇಳಿಯುವುದು ಎರಡು ತಿಂಗಳಿಗೊಮ್ಮೆ. ಕೂಡಿಸಿದಾಗ ಬಂದುದು 250. ಸಾವಿರ ಓಡುತ್ತಿದ್ದುದು ಅವನ ತಂದೆಯ ಕಾಲದಲ್ಲಿ. ಈಗ ತರಕಾರಿಗೆ ಬೇರೆ ಗಾಡಿ ಬಂದಿದೆ, ಅವನಿಗೆ ಬೈಕು ಬಂದಿದೆ.

ಇಸುಜು ಎಂಜಿನ್ ಮತ್ತು ಅದನ್ನು ಕೂರಿಸುವ ಕೆಲಸಕ್ಕೆ ದಲ್ಲಾಳಿ ಹೇಳಿದುದು 1,20,000 ರೂಪಾಯಿ. ಇರುವ ಪೆಟ್ರೋಲು ಎಂಜಿನ್ನನ್ನೇ ಇಳಿಸಿ, ಬೋರ್ ಮಾಡಿಸಿ, ಪಿಸ್ಟನ್, ರಿಂಗು, ವಾಲ್ವುಗಳನ್ನು ಬದಲಿಸಲು ಚಾಮರಾಜನಗರದ ಮೆಕ್ಯಾನಿಕ್ ಹೇಳಿದುದು 45,000. ಅಂತರ 75,000. ಪೆಟ್ರೋಲು ಲೀಟರಿಗೆ ಹತ್ತು ಕಿಲೋಮೀಟರ್, ಡೀಸೆಲ್ ಹದಿನಾಲ್ಕು. ಬೆಲೆ 100 ಮತ್ತು 92 ರೂಪಾಯಿ ಎಂದು ಹಿಡಿದೆವು. ತಿಂಗಳಿಗೆ 1000 ಕಿಲೋಮೀಟರ್ ಓಡಿದರೆ ಡೀಸೆಲಿನಿಂದ ಸುಮಾರು 3,430 ರೂಪಾಯಿ ಉಳಿಯುತ್ತದೆ. ಇಪ್ಪತ್ತೆರಡು ತಿಂಗಳಲ್ಲಿ 75,000 ಹಿಂದಕ್ಕೆ ಬರುತ್ತದೆ. ಅದೇ 250 ಕಿಲೋಮೀಟರ್ ಓಡಿದರೆ ಉಳಿಯುವುದು ಸುಮಾರು 857 ರೂಪಾಯಿ. ಹಣ ಹಿಂದಕ್ಕೆ ಬರಲು ಏಳು ವರ್ಷದ ಮೇಲೆ ಮೂರು ತಿಂಗಳು ಬೇಕು. ಎಂಜಿನ್ ಅದೇ, ದಾರಿ ಅದೇ. ಒಂದು ಅಂಕಿ ಬದಲಾದಾಗ ಉತ್ತರ ತಲೆಕೆಳಗಾಯಿತು. ಹುಡುಗ ಬಹಳ ಹೊತ್ತು ಆ ಪುಟವನ್ನೇ ನೋಡಿದನು.

ಡೀಸೆಲ್ ಅಗ್ಗವೆಂಬ ಮಾತು ನಮ್ಮ ಮನಸ್ಸಿನಲ್ಲಿ ಹಳೆಯ ಕಾಲದಿಂದ ಉಳಿದುಬಂದುದು. ಸರಕಾರವು ಬೆಲೆಯನ್ನು ಹಿಡಿದಿಟ್ಟಿದ್ದ ಕಾಲವದು. 2012ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಪೆಟ್ರೋಲು 73 ರೂಪಾಯಿ ದಾಟಿದ್ದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯ ಮೇಲಿನ ಹಿಡಿತವನ್ನು ಸಡಿಲಿಸಿದರು. 2020ರ ಜೂನ್ ತಿಂಗಳಲ್ಲಿ ದಿಲ್ಲಿಯಲ್ಲಿ ಡೀಸೆಲ್ ಪೆಟ್ರೋಲನ್ನೇ ಮೀರಿದ ದಿನವೂ ಬಂದಿತು. ಬಂಕಿನ ಬೋರ್ಡನ್ನು ನೋಡಿ ಎಂಜಿನ್ ಆರಿಸುವವನು ಹತ್ತು ವರ್ಷದ ವಸ್ತುವನ್ನು ಒಂದು ದಿನದ ಬೆಲೆಯಿಂದ ಅಳೆಯುತ್ತಾನೆ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿಯಲ್ಲಿ ಬರೆದುದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮನಸ್ಸಿಗೆ ಬಂದ ಹಾಗೆ ಮಾರ್ಪಡಿಸಲಾಗದು. ಇಂಧನ ಯಾವುದು, ಎಂಜಿನ್ನಿನ ಸಂಖ್ಯೆ ಎಷ್ಟು ಎಂಬುದು ಆರ್.ಸಿ. ಪುಸ್ತಕದಲ್ಲಿದೆ. ಸಾರಿಗೆ ಕಚೇರಿಯ ಅನುಮತಿ ಪಡೆದು, ಬದಲಾವಣೆಯನ್ನು ಅದರಲ್ಲಿ ಬರೆಸದೆ ಎಂಜಿನ್ ಬದಲಿಸಿದರೆ, ಅಪಘಾತವಾದ ದಿನ ವಿಮೆಯವರು ಕೈಯಾಡಿಸಬಹುದು. ದಿನಬೆಳಗಾದರೆ ಎರಡು ರಾಜ್ಯಗಳ ತನಿಖಾ ಠಾಣೆಗಳ ನಡುವೆ ಓಡಾಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಗುಜರಿಯ ಎಂಜಿನ್ನಿಗೆ ಮೂಲ ಕಾಗದವಿದೆಯೇ ಎಂದು ನಾನು ಕೇಳಿದುದಕ್ಕೆ, ದಲ್ಲಾಳಿ ಆ ಮಾತನ್ನೇ ಎತ್ತಲಿಲ್ಲವೆಂದು ಹುಡುಗ ಹೇಳಿದನು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಬಳಿಕ ಐದೈದು ವರ್ಷಕ್ಕೊಮ್ಮೆ ತೋರಿಸಿ ನವೀಕರಿಸಬೇಕು. 2022ರ ಏಪ್ರಿಲಿನಲ್ಲಿ ಆ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಿದರು. ಹಳೆಯ ಕಾರನ್ನು ಸಾಕುವವನು ಈ ವೆಚ್ಚವನ್ನೂ ಬರೆದಿಟ್ಟುಕೊಳ್ಳಬೇಕು.

ಹಾಗೆಂದು ಹಳೆಯ ಪೆಟ್ರೋಲು ಎಂಜಿನ್ನನ್ನು ಬಿಚ್ಚಿ ಕಟ್ಟಿಸಿದ ಮಾತ್ರಕ್ಕೆ ಚಿಂತೆ ತೀರಿತೆಂದಲ್ಲ. ಅದು ಸೀಸ ಬೆರೆತ ಪೆಟ್ರೋಲಿನ ಕಾಲದ್ದು. 2000ದಲ್ಲಿ ದೇಶಾದ್ಯಂತ ಸೀಸವಿಲ್ಲದ ಪೆಟ್ರೋಲು ಬಂದಿತು. ವಾಲ್ವುಗಳು ಕೂರುವ ಜಾಗಕ್ಕೆ ಸೀಸವೇ ಒಂದು ಲೇಪದಂತಿದ್ದುದರಿಂದ, ಎಂಜಿನ್ ಬಿಚ್ಚಿದಾಗ ಅಲ್ಲಿ ಗಟ್ಟಿ ಲೋಹದ ಸೀಟುಗಳನ್ನು ಹಾಕಿಸುವುದು ಒಳ್ಳೆಯದು. ಇನ್ನು 2023ರಿಂದ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿದೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಶಕ್ತಿ ಕಡಿಮೆ. ಆದುದರಿಂದ ಈ ಮಿಶ್ರಣದ ಲೀಟರಿನಲ್ಲಿ ನೂರಕ್ಕೆ ಆರೇಳರಷ್ಟು ಶಕ್ತಿ ತಗ್ಗುತ್ತದೆ. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ರಬ್ಬರ್ ಪೈಪುಗಳು, ಪೆಟ್ರೋಲು ಪಂಪಿನ ಪೊರೆ, ಕಾರ್ಬುರೇಟರಿನ ವಾಷರುಗಳು ಇವನ್ನೆಲ್ಲ ಹೊಸ ಬಗೆಯವಕ್ಕೆ ಬದಲಿಸಬೇಕು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲನ್ನು ಕೊಳೆಹಾಕಬಾರದು.

ದುರಸ್ತಿಯ ಸೌಕರ್ಯವನ್ನೂ ನೋಡಬೇಕು. ಹಳೆಯ ಪೆಟ್ರೋಲು ಎಂಜಿನ್ ಕೆಟ್ಟು ನಿಂತರೆ ಬಹುಮಟ್ಟಿಗೆ ಊರಿನ ಮೆಕ್ಯಾನಿಕ್ಕೇ ಸ್ಪ್ಯಾನರ್ ಹಿಡಿದು ಸರಿಮಾಡಬಲ್ಲನು. ಡೀಸೆಲಿನ ಪಂಪು, ನಾಜಲ್‌ಗಳಿಗೆ ಯಂತ್ರವಿಟ್ಟುಕೊಂಡ ಬೇರೆ ಅಂಗಡಿಯೇ ಬೇಕು. ಡೀಸೆಲ್ ಎಂಜಿನ್ ಹೆಚ್ಚು ತೂಕದ್ದಾದುದರಿಂದ ಮುಂಭಾಗದ ಸಸ್ಪೆನ್ಷನ್ನಿಗೂ ಕೆಲಸ ಹೆಚ್ಚು.

ಇಷ್ಟೆಲ್ಲ ಬರೆದ ಮೇಲೆ ನನಗೊಂದು ಸಂಗತಿ ಹೊಳೆಯಿತು. “ನಿಮ್ಮ ಅವ್ವ ಏಕೆ ಬೇಡವೆನ್ನುತ್ತಾರೆ?” ಎಂದು ಕೇಳಿದೆನು. “ಅಪ್ಪನ ಗಾಡಿ ಅಂತ ಇರಬೇಕು” ಎಂದನು. ಕೇಳಿದ್ದೆಯಾ ಎಂದರೆ ಕೇಳಿರಲಿಲ್ಲ. ಭಾನುವಾರ ನಾನೇ ಅವರ ಮನೆಗೆ ಹೋದೆನು. ಆಕೆ ಕಾಫಿ ತಂದಿಟ್ಟು ಹೇಳಿದ ಮಾತು ಇದು: “ತಿಂಗಳಿಗೊಂದು ಸಲ ಬೆನ್ನುನೋವಿಗೆ ಡಾಕ್ಟರ ಹತ್ರ ಹೋಗೋಳು ನಾನು. ನಮ್ಮ ಭಾವನೋರ ಡೀಸೆಲ್ ಗಾಡೀಲಿ ಒಂದು ಸಲ ಹೋಗಿ ಮೂರು ದಿನ ಎದ್ದಿರಲಿಲ್ಲ. ಆ ನಡುಕ ನನ್ನ ಸೊಂಟಕ್ಕೆ ಆಗಾಕಿಲ್ಲ ಮೇಷ್ಟ್ರೇ. ನನ್ನ ಯಾರು ಕೇಳಿದ್ರು?”

ಮಗ ತಲೆ ತಗ್ಗಿಸಿದನು. ನಾನೂ ತಗ್ಗಿಸಿದೆನು. ನನ್ನ ನೋಟುಬುಕ್ಕಿನ ಹೊಸ ಪುಟದಲ್ಲೂ ಆ ಕಾರಿನಲ್ಲಿ ಕೂರುವವರ ಹೆಸರಿರಲಿಲ್ಲ.

ವಾಚಕ ಬಂಧುಗಳೇ, ತಿಂಗಳಿಗೆ ಸಾವಿರಕ್ಕೂ ಮಿಕ್ಕು ಓಡಿಸುವವರಿಗೆ, ಕಾಗದಪತ್ರ ಸರಿಯಿರುವ ದೊಡ್ಡ ಡೀಸೆಲ್ ಎಂಜಿನ್ನೇ ಲಾಭವಾದೀತು. ಘಾಟಿಯನ್ನು ಮೇಲಿಂದ ಮೇಲೆ ಹತ್ತುವವರಿಗೆ 1817ರ ಪೆಟ್ರೋಲು ಎಂಜಿನ್ ಹಿತವೆನಿಸೀತು. ಎಲ್ಲರಿಗೂ ಒಪ್ಪುವ ಒಂದು ಉತ್ತರ ನನ್ನಲ್ಲಿಲ್ಲ. ಆದರೆ ಎಲ್ಲರೂ ಬರೆಯಬೇಕಾದ ಒಂದು ಪುಟ ಉಂಟು. ಯಾವ ದಾರಿ, ಎಷ್ಟು ಭಾರ, ತಿಂಗಳಿಗೆ ಎಷ್ಟು ಓಟ, ಕೆಟ್ಟರೆ ಕಟ್ಟುವವರು ಯಾರು, ಒಳಗೆ ಕೂರುವವರು ಯಾರು: ಇಂಧನದ ಬೆಲೆಯನ್ನು ಇವೆಲ್ಲದರ ಕೆಳಗೆ ಬರೆಯಿರಿ. ಮತ್ತು ಯಾವ ಎಂಜಿನ್ನೇ ಇರಲಿ, ದಿಂಬಂ ಹತ್ತುವಾಗ ಐದು ಜನರಿಗಿಂತ ಹೆಚ್ಚು ಕೂರಬೇಡಿರಿ. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಲ್ಲಿ ಆ ದಾರಿಯ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಹಗಲಿರುವಾಗಲೇ ಹತ್ತಿ ಮುಗಿಸಿರಿ.

ಹುಡುಗನ ಕಾರು ಈಗ ಚಾಮರಾಜನಗರದಲ್ಲಿದೆ, ಹಳೆಯ ಪೆಟ್ರೋಲು ಎಂಜಿನ್ನನ್ನೇ ಬಿಚ್ಚಿದ್ದಾರೆ. ಮೈಸೂರಿನಲ್ಲಿರುವ ಅಣ್ಣನಿಗೆ ಲೆಕ್ಕದ ಪುಟವನ್ನು ಅಂಚೆಯಲ್ಲಿ ಕಳುಹಿಸಿದೆವು. ಅದರ ಕೆಳಗೆ ತಾಯಿಯ ಮಾತನ್ನು ಮಗ ತನ್ನ ಕೈಯಿಂದಲೇ ಬರೆದನು. ಅಣ್ಣ ಫೋನಿನಲ್ಲಿ ಹೇಳಿದುದು ಒಂದೇ ಮಾತು: “ಅವ್ವ ಇದನ್ನ ನನಗೆ ಹೇಳಲೇ ಇಲ್ಲವಲ್ಲ.”